ಜೀಪಿಗೆ ಡೀಸೆಲ್ ಬಂದ ಕಥೆ

ಕೊಲ್ಲೂರಿನಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಹೊರಡುವ ಜೀಪುಗಳನ್ನು ನಾವೆಲ್ಲ ಹತ್ತಿದವರೇ. (ಸೊಂಟ ಇನ್ನೂ ಮರೆತಿಲ್ಲ!) ಮಹೀಂದ್ರಾ ಜೀಪು ಒಂದು ಕಾಲದಲ್ಲಿ ಓಡುತ್ತಿದ್ದದ್ದು ವಿಲ್ಲೀಸ್ ವಿನ್ಯಾಸದ 2.2 ಲೀಟರ್ 'ಹರಿಕೇನ್' ಪೆಟ್ರೋಲ್ ಎಂಜಿನ್ನಿನಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾಯಿತು. ಹಲವು ಮಾಲೀಕರು ಗಾಡಿ ಮಾರಲಿಲ್ಲ, ಎಂಜಿನ್ ಬದಲಿಸಿದರು.

ಚೈನ್ ಪುಲ್ಲಿಯಲ್ಲಿ ಎತ್ತಿ ಕೂರಿಸುವುದು ದೊಡ್ಡ ಮಾತಲ್ಲ. ಕಷ್ಟ ಇರುವುದು ಹಳೆ ಗೇರ್‌ಬಾಕ್ಸಿಗೆ ಹೊಂದಿಸುವಲ್ಲಿ. ನಡುವಿನ ಅಡಾಪ್ಟರ್ ಪ್ಲೇಟ್ ಕೊಂಚ ವಾರೆಯಾದರೂ ಬೇರಿಂಗು, ಕ್ಲಚ್ಚು ಬಾಳುವುದಿಲ್ಲ. ಡೀಸೆಲ್ ಎಂಜಿನ್ ಭಾರವೂ ಹೆಚ್ಚು. ಬ್ರೇಕು ಹಳೆಯದೇ ಉಳಿದರೆ ಘಟ್ಟ ಇಳಿಯುವಾಗ ಆ ಭಾರ ತಡೆಯುವವರು ಯಾರು?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಗೆ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಆಗದಿದ್ದರೆ, ಅಪಘಾತವಾದ ದಿನ ವಿಮೆಗಾಗಿ ಅಲೆಯುವುದು ಮನೆಯವರು.