ಚಿಟ್ಟಾಣಿ ರಾಮಚಂದ್ರ ಹೆಗಡೆ

ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017): ಬಡಗುತಿಟ್ಟು ಯಕ್ಷಗಾನದ ಹೆಸರಾಂತ ವೇಷಧಾರಿ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನವರು. ಹುಟ್ಟೂರು ಚಿಟ್ಟಾಣಿಯೇ ಇವರ ಹೆಸರಾಗಿ ಉಳಿಯಿತು. ಶಾಲೆಯನ್ನು ಚಿಕ್ಕಂದಿನಲ್ಲೇ ಬಿಟ್ಟು ಗೆಜ್ಜೆ ಕಟ್ಟಿದವರು ಸುಮಾರು ಏಳು ದಶಕ ಅದನ್ನು ಬಿಚ್ಚಲಿಲ್ಲ.

ಅಮೃತೇಶ್ವರಿ, ಪೆರ್ಡೂರು ಮೊದಲಾದ ಮೇಳಗಳಲ್ಲಿ ತಿರುಗಾಟ ಮಾಡಿದರು. ಮಳೆ ನಿಂತ ಮೇಲೆ ಹೊರಟು ಮರಳಿ ಮಳೆ ಹಿಡಿಯುವವರೆಗೆ ಊರಿಂದೂರಿಗೆ ಹೋಗಿ ರಾತ್ರಿಯಿಡೀ ಆಟ ಆಡುವ ದುಡಿಮೆ ಅದು. ಡೇರೆ ಹಾಕಿ ಆಡುವ ಇಂಥ ಮೇಳ ನಡೆಯುತ್ತಿದ್ದುದು ಟಿಕೆಟಿನ ಹಣದಿಂದ. ಹಾಗಾಗಿ ಹೆಸರು ಕೇಳಿದೊಡನೆ ಜನ ಸೇರುವಂಥ ವೇಷಧಾರಿಗೆ ಅಲ್ಲಿ ಬೇಡಿಕೆ ಹೆಚ್ಚು. ಚಿಟ್ಟಾಣಿ ಅಂಥವರಲ್ಲಿ ಮೊದಲ ಸಾಲಿನವರು.

ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಮಾಗಧ, ಕೌರವ, ಕಾರ್ತವೀರ್ಯ ಇವರ ಪ್ರಸಿದ್ಧ ಪಾತ್ರಗಳು. ಇವುಗಳಲ್ಲಿ ಭಸ್ಮಾಸುರನ ಮಾತೇ ಬೇರೆ. ಯಾರ ತಲೆಯ ಮೇಲೆ ಕೈಯಿಟ್ಟರೂ ಸುಡಬಲ್ಲ ವರ ಪಡೆದವನು ಮೋಹಿನಿ ಕುಣಿದಂತೆ ಕುಣಿಯುತ್ತ ತನ್ನ ತಲೆಯ ಮೇಲೇ ಕೈಯಿಟ್ಟು ಬೂದಿಯಾಗುತ್ತಾನೆ. ಇಲ್ಲಿ ಅಸುರನನ್ನು ಕೊಲ್ಲುವುದು ಆಯುಧವಲ್ಲ, ಕುಣಿತ. ಹುಬ್ಬು, ಕಣ್ಣು, ಕತ್ತು, ಭುಜಗಳನ್ನೆಲ್ಲ ಚಂಡೆ ಮದ್ದಳೆಯ ಲಯಕ್ಕೆ ಒಪ್ಪಿಸಬಲ್ಲ ನಟನಿಗೆ ಇದಕ್ಕಿಂತ ಹೊಂದುವ ಪ್ರಸಂಗ ಸಿಗದು. ಕೀಚಕನಲ್ಲಿಯೂ ಅಷ್ಟೇ: ಸೈರಂಧ್ರಿಯನ್ನು ಕಂಡ ಗಳಿಗೆಯ ಬೆರಗು, ಆಸೆ, ಗತ್ತು ಮಾತಿಗೆ ಮುಂಚೆ ಮೈಯಲ್ಲಿ ಮೂಡುತ್ತಿದ್ದವು. ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದರೆ ಪ್ರತಿ ಸಲವೂ ಅದಕ್ಕೆ ಬೇರೊಂದು ಅಭಿನಯ.

ಅರ್ಥಗಾರಿಕೆಯಲ್ಲಿ, ಎಂದರೆ ಪಾತ್ರದ ಮಾತುಗಾರಿಕೆಯಲ್ಲಿ, ಇವರು ಮಿತಭಾಷಿ. ಹಾವಭಾವ ಅತಿಯಾಯಿತು, ಶೃಂಗಾರ ಪಾತ್ರವನ್ನು ಮೀರಿತು ಎಂಬ ಆಕ್ಷೇಪವೂ ಇತ್ತು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಆದರೆ ಖಳನನ್ನು ನೋಡಲೆಂದೇ ಜನ ನಿದ್ದೆಗೆಟ್ಟು ಕೂರುವಂತಾದುದರಲ್ಲಿ ಆ ಅತಿಯ ಪಾಲೂ ಇದೆ. ಅನುಕರಿಸಿದ ಕಿರಿಯರಲ್ಲಿ ಹಲವರಿಗೆ ದಕ್ಕಿದ್ದು ಭಂಗಿ ಮಾತ್ರ, ಲಯವಲ್ಲ.

ರಾಜ್ಯೋತ್ಸವ ಪ್ರಶಸ್ತಿ ಪಡೆದಿದ್ದ ಇವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಯಕ್ಷಗಾನ ಕಲಾವಿದರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. 2017ರ ಅಕ್ಟೋಬರ್ 3ರಂದು ಮಣಿಪಾಲದ ಆಸ್ಪತ್ರೆಯಲ್ಲಿ ನಿಧನರಾದರು. ಮಕ್ಕಳಾದ ಸುಬ್ರಹ್ಮಣ್ಯ ಚಿಟ್ಟಾಣಿ, ನರಸಿಂಹ ಚಿಟ್ಟಾಣಿ ಹಾಗೂ ಮೊಮ್ಮಗ ಕಾರ್ತಿಕ ಚಿಟ್ಟಾಣಿ ಯಕ್ಷಗಾನ ಕಲಾವಿದರು.