ಒಬ್ಬನೇ ಅಧಿಕಾರಿಗೆ ಎರಡು ಬರಹ: ಸಂತ ಅಗಸ್ಟೀನರು ಮತ್ತು ಮರಣದಂಡನೆ

ಮರಣದಂಡನೆಯ ಪಾಠ ಬಂದಾಗಲೆಲ್ಲ ಸಂತ ಅಗಸ್ಟೀನರ 133ನೆಯ ಪತ್ರವನ್ನು ಓದಿಸುವುದು ನಮ್ಮ ರೂಢಿ. ಹಲವು ವರ್ಷ ಅದನ್ನು ಅರ್ಧ ಪ್ರಾಮಾಣಿಕತೆಯಿಂದಲೇ ಓದಿಸಿದೆವೆಂದು ಮೊದಲು ಒಪ್ಪಿಕೊಳ್ಳುತ್ತೇವೆ.

ಕ್ರಿ.ಶ. 411ರ ಜೂನ್‌ನಲ್ಲಿ ಕಾರ್ಥೇಜಿನಲ್ಲಿ ಕಥೋಲಿಕ ಹಾಗೂ ಡೊನಾಟಿಸ್ಟ್ ಧರ್ಮಾಧ್ಯಕ್ಷರ ನಡುವೆ ವಾದ ನಡೆಯಿತು. ಚಕ್ರವರ್ತಿ ಹೊನೋರಿಯುಸನು ಕಳುಹಿಸಿದ್ದ ಮಾರ್ಸೆಲ್ಲಿನುಸ್ ಅಧ್ಯಕ್ಷತೆ ವಹಿಸಿ ಕಥೋಲಿಕರ ಪರವಾಗಿ ತೀರ್ಪಿತ್ತನು. ಆ ದಿನಗಳಲ್ಲೇ ಹಿಪ್ಪೊ ಸೀಮೆಯ ಕೆಲವು ಡೊನಾಟಿಸ್ಟರನ್ನು ಅವನ ಮುಂದೆ ವಿಚಾರಣೆಗೆ ತರಲಾಯಿತು. ರೆಸ್ತಿತೂತುಸ್ ಎಂಬ ಕಥೋಲಿಕ ಗುರುವನ್ನು ಕೊಂದುದನ್ನೂ, ಇನ್ನೊಸೆನ್ಸಿಯುಸ್ ಎಂಬ ಮತ್ತೊಬ್ಬ ಗುರುವಿನ ಕಣ್ಣು ಕಿತ್ತು ಬೆರಳು ಕತ್ತರಿಸಿದುದನ್ನೂ ಅವರು ಒಪ್ಪಿಕೊಂಡಿದ್ದರು. ಕೊಂದವರ ತಲೆಯನ್ನು ಕೇಳುವ ಅವಕಾಶ ಅಗಸ್ಟೀನರಿಗಿತ್ತು. ಅವರು ಬೇಡಿದ್ದು ಅದಕ್ಕೆ ವಿರುದ್ಧವಾದುದನ್ನು: ದೇವರ ಸೇವಕರ ನೋವಿಗೆ ಅಂಥದೇ ನೋವಿನಿಂದ ಸೇಡು ತೀರದಿರಲಿ, ಅಪರಾಧಿಗಳು ಅಂಗಾಂಗ ಊನವಾಗದೆ ಬದುಕಿ, ಉಪಯುಕ್ತವಾದ ಯಾವುದಾದರೊಂದು ದುಡಿಮೆಗೆ ಹಚ್ಚಲ್ಪಡಲಿ.

ಇಲ್ಲಿಗೆ ಪುಸ್ತಕ ಮುಚ್ಚಿದರೆ ಪಾಠ ಸೊಗಸಾಗಿರುತ್ತದೆ. ನಾವು ಮುಚ್ಚುತ್ತಿದ್ದೆವು.

ಆದರೆ ಅದೇ ಪತ್ರದಲ್ಲಿ, ಚಿತ್ರಹಿಂಸೆಯ ಯಂತ್ರಗಳಿಂದಲ್ಲದೆ ಬೆತ್ತದ ಪೆಟ್ಟಿನಿಂದ ತಪ್ಪೊಪ್ಪಿಗೆ ಪಡೆದುದಕ್ಕಾಗಿ ಅವರು ಅಧಿಕಾರಿಯನ್ನು ಮೆಚ್ಚುತ್ತಾರೆ. ಮಾರ್ಸೆಲ್ಲಿನುಸನ ಸಹೋದರ, ಪ್ರಾಂತಾಧಿಪತಿ ಅಪ್ರಿಂಗಿಯುಸನಿಗೆ ಬರೆದ 134ನೆಯ ಪತ್ರದಲ್ಲಂತೂ ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ತಾವೇ ಎತ್ತುತ್ತಾರೆ. ಅಧಿಕಾರಿಯು ಸುಮ್ಮನೆ ಖಡ್ಗ ಧರಿಸಿಲ್ಲವೆಂಬ ಪೌಲರ ಮಾತು ನಿನ್ನಂಥವರನ್ನು ಕುರಿತದ್ದೇ ಎಂದು ಒಪ್ಪಿ, ಪ್ರಾಂತದ ವ್ಯವಹಾರ ಬೇರೆ, ಧರ್ಮಸಭೆಯ ವ್ಯವಹಾರ ಬೇರೆ ಎಂದು ವಾದಿಸುತ್ತಾರೆ. ಪೌಲರ ಖಡ್ಗವನ್ನು ಬರಿಯ ರೂಪಕವೆಂದು ಕರಗಿಸುವ ಜಾಣ್ಮೆ ಅವರಲ್ಲಿ ಕಾಣುವುದಿಲ್ಲ.

ಇದಕ್ಕಿಂತ ಕಠಿಣವಾದುದು ಇನ್ನೊಂದಿದೆ. ಸ್ವಲ್ಪದರಲ್ಲೇ ಅಗಸ್ಟೀನರು ಆರಂಭಿಸಿದ ‘ದೇವರ ನಗರ’ವನ್ನು ಸಂಬೋಧಿಸಿರುವುದು ಇದೇ ಮಾರ್ಸೆಲ್ಲಿನುಸನನ್ನು. ಅದರ ಮೊದಲ ಪುಸ್ತಕದ 21ನೆಯ ಅಧ್ಯಾಯದಲ್ಲಿ, ನ್ಯಾಯಬದ್ಧ ಅಧಿಕಾರದಿಂದ ಅಪರಾಧಿಗೆ ಮರಣ ವಿಧಿಸುವವನು ಕೊಲ್ಲಬಾರದೆಂಬ ಆಜ್ಞೆಯನ್ನು ಮೀರಿದಂತಾಗದು ಎಂದಿದೆ. ಕೊಲ್ಲಬೇಡವೆಂದು ಯಾರನ್ನು ಬೇಡಿದ್ದರೋ ಅವನಿಗೇ, ಕೊಲ್ಲುವ ಹಕ್ಕು ನಿನಗಿದೆಯೆಂದೂ ಬರೆದರು. ಇವೆರಡರಲ್ಲಿ ಒಂದನ್ನು ಮಾತ್ರ ಉದ್ಧರಿಸುವುದು, ನಮ್ಮ ಅಭಿಪ್ರಾಯದಲ್ಲಿ, ಸುಳ್ಳು ಸಾಕ್ಷ್ಯಕ್ಕೆ ಸಮೀಪದ್ದು.

ಆ ಆಜ್ಞೆಯಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಅಕ್ರಮ ಕೊಲೆ ಎಂದಷ್ಟೇ ಅರ್ಥ, ಆದ್ದರಿಂದ ಪ್ರಶ್ನೆಯೇ ಏಳದು ಎಂಬ ಸುಲಭ ಉತ್ತರವೂ ನಿಲ್ಲುವುದಿಲ್ಲ. ಸಂಖ್ಯಾಕಾಂಡ 35:30ರಲ್ಲಿ, ಸಾಕ್ಷಿಗಳ ಮಾತಿನ ಮೇಲೆ ಕೊಲೆಗಾರನನ್ನು ಕೊಲ್ಲುವುದಕ್ಕೂ ಅದೇ ಕ್ರಿಯಾಪದವಿದೆ.

ಮಾರ್ಸೆಲ್ಲಿನುಸನ ಗತಿಯನ್ನು ಹೇಳದಿರಲಾಗದು. ಹೆರಾಕ್ಲಿಯಾನುಸನ ದಂಗೆಯಲ್ಲಿ ಶಾಮೀಲಾದನೆಂಬ ಆರೋಪದ ಮೇಲೆ ಅವನನ್ನೂ ಅಪ್ರಿಂಗಿಯುಸನನ್ನೂ ಬಂಧಿಸಿ, 413ರ ಸೆಪ್ಟೆಂಬರಿನಲ್ಲಿ ಕಾರ್ಥೇಜಿನಲ್ಲಿ ಶಿರಚ್ಛೇದ ಮಾಡಲಾಯಿತು. ಅಗಸ್ಟೀನರ ಪ್ರಯತ್ನಗಳು ಫಲಿಸಲಿಲ್ಲ. ಅವರು ಕೂಡಲೇ ಆ ನಗರವನ್ನು ತೊರೆದರು. ಖಡ್ಗದ ಹಕ್ಕನ್ನು ಒಪ್ಪಿದ್ದ ಲೇಖನಿಗೆ ಆ ಖಡ್ಗ ಇಷ್ಟು ಹತ್ತಿರ ಬಂದಿತ್ತು. ಆದರೂ ‘ದೇವರ ನಗರ’ದ ಆ ಅಧ್ಯಾಯ ಹಾಗೆಯೇ ಉಳಿಯಿತು.

ಮುಂದಿನ ಶತಮಾನಗಳು ಪತ್ರಕ್ಕಿಂತ ಆ ಅಧ್ಯಾಯವನ್ನೇ ಹೆಚ್ಚು ಹಿಡಿದವು. 1208ರಲ್ಲಿ ಧರ್ಮಸಭೆಗೆ ಮರಳಿದ ವಾಲ್ಡೆನ್ಸಿಯನ್ನರು, ಲೌಕಿಕ ಅಧಿಕಾರವು ದ್ವೇಷವಿಲ್ಲದೆ ನ್ಯಾಯಕ್ಕಾಗಿ ರಕ್ತದ ತೀರ್ಪು ನೀಡಿದರೆ ಮಾರಕ ಪಾಪವಾಗದೆಂದು ಒಪ್ಪಬೇಕಾಯಿತು. ಮೂರನೆಯ ಇನ್ನೊಸೆಂಟರು ವಿಧಿಸಿದ ಪ್ರಮಾಣವದು. ಪೋಪರ ಆಳ್ವಿಕೆಯ ಸೀಮೆಯಲ್ಲಿ ಜೊವಾನ್ನಿ ಬತ್ತಿಸ್ತಾ ಬುಗಾತ್ತಿ ಎಂಬ ವಧಕಾರನು 1796ರಿಂದ 1864ರವರೆಗೆ 516 ಮಂದಿಯ ಶಿಕ್ಷೆ ನೆರವೇರಿಸಿ ಲೆಕ್ಕ ಬರೆದಿಟ್ಟನು. ವ್ಯಾಟಿಕನ್ ಕಾನೂನಿನಿಂದ ಮರಣದಂಡನೆ ಹೋದದ್ದು 1969ರಲ್ಲಿ.

2018ರಲ್ಲಿ ಕಥೋಲಿಕ ಧರ್ಮೋಪದೇಶದ 2267ನೆಯ ಪರಿಚ್ಛೇದವನ್ನು ತಿದ್ದಿದಾಗ ಜಗದ್ಗುರು ಫ್ರಾನ್ಸಿಸ್‌ರವರು ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಬೋಧಿಸಿದರು. ಅಪರಾಧಿಯಲ್ಲೂ ಅಳಿಯದ ಮಾನವ ಘನತೆ, ದಂಡನೆಯ ಉದ್ದೇಶದ ಕುರಿತ ಹೊಸ ತಿಳಿವು, ಸಮಾಜವನ್ನು ರಕ್ಷಿಸಬಲ್ಲ ಬಂಧನ ವ್ಯವಸ್ಥೆ ಅಲ್ಲಿನ ಕಾರಣಗಳು. ಹಿಂದೆ ಸಾರ್ವಜನಿಕ ಅಧಿಕಾರದ ಈ ಶಿಕ್ಷೆಯನ್ನು ದೀರ್ಘಕಾಲ ಯುಕ್ತವೆಂದು ಎಣಿಸಲಾಗಿತ್ತೆಂದು ಪರಿಚ್ಛೇದದ ಮೊದಲ ಸಾಲೇ ಒಪ್ಪುತ್ತದೆ. ಆ ಒಪ್ಪಿಗೆ ನಮಗೆ ಅಮೂಲ್ಯವಾಗಿ ತೋರುತ್ತದೆ.

ಈಗ ನಾವು ಪತ್ರವನ್ನೂ ಆ ಅಧ್ಯಾಯವನ್ನೂ ಒಂದೇ ದಿನ ಓದಿಸುತ್ತೇವೆ. ಹಾಗಾದರೆ ಧರ್ಮಸಭೆ ಬದಲಾಯಿತೇ ಎಂದು ಗುರು ಅಭ್ಯರ್ಥಿಯೊಬ್ಬರು ಕೇಳಿದರು. ಬದಲಾಯಿತು ಎಂದೆವು, ಬದಲಾದುದನ್ನು ಅಗಸ್ಟೀನರ ತಲೆಗೆ ಕಟ್ಟಬೇಡಿರೆಂದೂ ಹೇಳಿ, ಮುಂದಿನ ವಾರಕ್ಕೆ ಆದಿಕಾಂಡ 9:6ನ್ನು ಓದಿಕೊಂಡು ಬರಲು ತಿಳಿಸಿದೆವು.