ಹಂಚಿಕೊಂಡ ಅರಿವು, ಕೂಡಿ ಬಾಳುವ ಊರು

ಒಂದು ಸಮಾಜವನ್ನು ಒಟ್ಟಾಗಿ ಹಿಡಿದಿಡುವುದು ಯಾವುದು? ರಕ್ತಸಂಬಂಧವೇ, ಧರ್ಮವೇ, ಆಳುವವರ ಭಯವೇ, ಪೇಟೆಯ ಕೊಡುಕೊಳ್ಳುವಿಕೆಯೇ? ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿಂತಕ ಆಗಸ್ಟ್ ಕಾಮ್ಟ್ (1798-1857) ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟ. ಜನರು ಖಚಿತವಾದ ಜ್ಞಾನವೊಂದನ್ನು ಸಮಾನವಾಗಿ ಹಂಚಿಕೊಂಡಾಗ ಮಾತ್ರ ಸಮಾಜ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅವನ ವಾದ. ಪ್ಯಾರಿಸ್ಸಿನಲ್ಲಿ ರೂಪುಗೊಂಡ ಈ ವಾದವನ್ನು ತುಂಗಭದ್ರೆಯ ದಂಡೆಯ ಹರಿಹರ ಮತ್ತು ಅದರ ನೆರೆಯ ದಾವಣಗೆರೆಯ ಚರಿತ್ರೆಯ ಎದುರಿಗಿಟ್ಟು ನೋಡಿದರೆ ಅದರ ಬಲ ಮತ್ತು ಕೊರತೆ ಎರಡೂ ಸ್ಪಷ್ಟವಾಗುತ್ತವೆ.

ಕಾಮ್ಟ್ ಹುಟ್ಟಿದ್ದು ಫ್ರೆಂಚ್ ಕ್ರಾಂತಿಯ ಬೆನ್ನಿಗೆ. ಅರಸೊತ್ತಿಗೆ ಉರುಳಿತ್ತು, ಚರ್ಚಿನ ಅಧಿಕಾರ ಕುಸಿದಿತ್ತು, ಆದರೆ ಅವುಗಳ ಜಾಗದಲ್ಲಿ ಎಲ್ಲರೂ ಒಪ್ಪುವಂಥದ್ದು ಯಾವುದೂ ಬಂದಿರಲಿಲ್ಲ. ಬೀದಿಯ ಅರಾಜಕತೆಗೆ ಮೂಲ ಜನರ ವಿಚಾರಗಳಲ್ಲಿನ ಅರಾಜಕತೆಯೇ ಎಂದು ಅವನು ತೀರ್ಮಾನಿಸಿದ. 1830ರಿಂದ 1842ರವರೆಗೆ ಆರು ಸಂಪುಟಗಳಲ್ಲಿ ತನ್ನ ತತ್ವಶಾಸ್ತ್ರವನ್ನು ಪ್ರಕಟಿಸಿದ. ಮಾನವನ ಬುದ್ಧಿ ಮೊದಲು ದೈವಶಕ್ತಿಗಳಿಂದ, ನಂತರ ಅಮೂರ್ತ ತತ್ವಗಳಿಂದ, ಕೊನೆಗೆ ನೋಡಿ ಪರೀಕ್ಷಿಸಬಹುದಾದ ನಿಯಮಗಳಿಂದ ಜಗತ್ತನ್ನು ವಿವರಿಸುತ್ತದೆ ಎಂದ. ಈ ಕೊನೆಯ ಹಂತದ ಚಿಂತನೆಯನ್ನೇ ಪ್ರತ್ಯಕ್ಷಪ್ರಮಾಣವಾದ ಎನ್ನುತ್ತಾರೆ. ಸಮಾಜದ ಅಧ್ಯಯನವೂ ಇದೇ ದಾರಿಯಲ್ಲಿ ನಡೆಯಬೇಕೆಂದು ಬಯಸಿದ ಅವನು ಅದಕ್ಕೆ ಸಮಾಜಶಾಸ್ತ್ರ ಎಂಬ ಹೆಸರನ್ನೂ ಕೊಟ್ಟ.

ಅವನ ವಿಚಾರ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ. 1831ರಿಂದ ಹಲವು ವರ್ಷ ಅವನು ಪ್ಯಾರಿಸ್ಸಿನ ದುಡಿಯುವ ಜನರಿಗೆ ಖಗೋಳಶಾಸ್ತ್ರವನ್ನು ಉಚಿತವಾಗಿ ಬೋಧಿಸಿದ. ಹೊಟ್ಟೆಪಾಡಿಗೆ ದುಡಿಯುವವನಿಗೆ ಗ್ರಹಗಳ ಚಲನೆ ಏಕೆ? ಆಕಾಶ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಗ್ರಹಣದ ಲೆಕ್ಕ ಬಡವನಿಗೊಂದು, ಸಿರಿವಂತನಿಗೊಂದು ಇರುವುದಿಲ್ಲ. ವಾದಿಸದೆ ಒಪ್ಪಬಹುದಾದ ಸತ್ಯವೊಂದಿದೆ ಎಂಬ ಅನುಭವವೇ ಜನರನ್ನು ಹತ್ತಿರ ತರುತ್ತದೆ ಎಂಬುದು ಅವನ ಭರವಸೆಯಾಗಿತ್ತು.

ಈಗ ನಮ್ಮ ನೆಲಕ್ಕೆ ಬರೋಣ. ಭಿನ್ನರಾದವರನ್ನು ಒಂದುಗೂಡಿಸುವ ಚಿಂತೆ ಇಲ್ಲಿ ಹೊಸದಲ್ಲ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯ ಕಟ್ಟಿಸಿದ. ಅಲ್ಲಿನ ಮೂರ್ತಿ ಅರ್ಧ ಹರ, ಅರ್ಧ ಹರಿ. ಶೈವ ವೈಷ್ಣವ ಭೇದ ಬಲವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಎರಡು ನಂಬಿಕೆಗಳವರು ಒಂದೇ ಸಂಕೇತದ ಮುಂದೆ ನಿಲ್ಲುವಂತೆ ಮಾಡಿದ ಪ್ರಯತ್ನ ಅದು. ಆದರೆ ಸಂಕೇತವು ಅದನ್ನು ನಂಬುವವರನ್ನಷ್ಟೇ ಕೂಡಿಸಬಲ್ಲದು. ಅದರ ಹೊರಗಿನವರು ಊರಿಗೆ ಬಂದು ನೆಲೆಸಿದಾಗ ಒಗ್ಗಟ್ಟಿಗೆ ಇನ್ನೊಂದು ಆಧಾರ ಬೇಕಾಗುತ್ತದೆ.

ದಾವಣಗೆರೆಯಲ್ಲಿ ಆ ಆಧಾರ ವ್ಯಾಪಾರವಾಗಿ ಬಂತು. ಹೈದರಲಿಯಿಂದ ಈ ಊರನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪ್ಪೋಜಿರಾಮ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಮುಸ್ಲಿಮ್ ದೊರೆ ಕೊಟ್ಟ ಊರನ್ನು ಮರಾಠಾ ಸರದಾರ ಬೆಳೆಸಿದ. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದವು. ಭದ್ರಾ ನಾಲೆಯ ನೀರಿನಲ್ಲಿ ರೈತ ಬೆಳೆದ ಭತ್ತ ಮಂಡಕ್ಕಿ ಭಟ್ಟಿಗೆ ಬರುತ್ತದೆ. ಭಟ್ಟಿಯ ಬಿಸಿಯಲ್ಲಿ ಬೆವರು ಸುರಿಸುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಎಲ್ಲರ ಮನೆಗೂ ಹೋಗುತ್ತದೆ. ಗಿರಣಿ ಕಾರ್ಮಿಕರ ಈ ಊರು ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಶಾಸನಸಭೆಗೆ ಕಳುಹಿಸಿತು. ಕೂಲಿಯ ಲೆಕ್ಕ ಎಲ್ಲರಿಗೂ ಒಂದೇ ಎಂದು ತಿಳಿದ ಜನರ ತೀರ್ಪು ಅದಾಗಿತ್ತು.

ಆದರೆ 1990ರ ಅಕ್ಟೋಬರಿನಲ್ಲಿ, ಅಯೋಧ್ಯೆಯ ವಿವಾದ ದೇಶದಾದ್ಯಂತ ಕಾವೇರಿದ್ದಾಗ, ಇದೇ ದಾವಣಗೆರೆ ಕೋಮುಗಲಭೆಯಲ್ಲಿ ಬೆಂದಿತು. ರಾಮನಗರ, ಚನ್ನಪಟ್ಟಣಗಳಲ್ಲೂ ರಕ್ತ ಹರಿಯಿತು. ಅದೇ ತಿಂಗಳು ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು. ಒಬ್ಬರ ಭತ್ತ, ಇನ್ನೊಬ್ಬರ ಭಟ್ಟಿ, ಮತ್ತೊಬ್ಬರ ಅಂಗಡಿ ಎಂದು ಹೆಣೆದುಕೊಂಡಿದ್ದ ಬದುಕು ಆ ದಿನಗಳನ್ನು ಏಕೆ ತಡೆಯಲಿಲ್ಲ?

ಇದಕ್ಕೆ ಕಾಮ್ಟ್‌ನಲ್ಲಿ ಉತ್ತರವಿದೆ. ಶ್ರಮವಿಭಜನೆ ಜನರನ್ನು ಪರಸ್ಪರ ಅವಲಂಬಿಗಳನ್ನಾಗಿ ಮಾಡುತ್ತದೆ, ಜೊತೆಗೆ ಪ್ರತಿಯೊಬ್ಬರನ್ನೂ ತನ್ನ ಮೂಲೆಗೆ ತಳ್ಳುತ್ತದೆ ಎಂದು ಅವನು ಎಚ್ಚರಿಸಿದ್ದ. ಒಬ್ಬರಿಗೊಬ್ಬರು ಬೇಕಾಗಿರುವುದು ಬೇರೆ, ಒಬ್ಬರನ್ನೊಬ್ಬರು ತಿಳಿದಿರುವುದು ಬೇರೆ. ಗಲಭೆಯ ದಿನಗಳಲ್ಲಿ ಒಂದೊಂದು ಬಡಾವಣೆಗೆ ಒಂದೊಂದು ಸುದ್ದಿ, ಒಂದೊಂದು ಲೆಕ್ಕ. ಒಂದೇ ಘಟನೆ ಎರಡು ಬೀದಿಗಳಲ್ಲಿ ಎರಡು ಚರಿತ್ರೆಯಾಗುತ್ತದೆ. ಪೇಟೆ ಒಂದಾಗಿದ್ದರೂ ಅರಿವು ಒಡೆದಿರುತ್ತದೆ.

ಕಾಮ್ಟ್‌ಗಿಂತ ಸುಮಾರು ನಾಲ್ಕೂವರೆ ಶತಮಾನ ಮೊದಲು, 1377ರಲ್ಲಿ, ಇಬ್ನು ಖಲ್ದೂನ್ ತನ್ನ ‘ಮುಖದ್ದಿಮ’ವನ್ನು ರಚಿಸಿದ. ಸಮುದಾಯದ ಒಗ್ಗಟ್ಟಿನ ಬಲವನ್ನು ಅವನು ‘ಅಸಬಿಯ್ಯ’ ಎಂದು ಕರೆದ. ಆದರೆ ಆ ಗ್ರಂಥದ ಆರಂಭದಲ್ಲೇ ಅವನು ಎತ್ತಿಕೊಳ್ಳುವುದು ಸುಳ್ಳು ವರದಿಗಳ ವಿಷಯ. ಮೂಸಾರ ಸೇನೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರೆಂದು ಹಿಂದಿನ ಇತಿಹಾಸಕಾರರು ಬರೆದುದನ್ನು ಅವನು ಸುಮ್ಮನೆ ಒಪ್ಪಲಿಲ್ಲ. ಅಷ್ಟು ದೊಡ್ಡ ಸೇನೆಯನ್ನು ಒಂದು ರಣರಂಗದಲ್ಲಿ ನಿಲ್ಲಿಸಿ ನಡೆಸಲು ಸಾಧ್ಯವೇ ಎಂದು ಕೇಳಿದ. ಹೇಳಿದವರು ಎಷ್ಟೇ ದೊಡ್ಡವರಿರಲಿ, ಸುದ್ದಿ ಸಮಾಜದ ಸ್ವಭಾವಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು ಎಂಬುದು ಅವನ ಪಾಠ.

ಈ ಪರೀಕ್ಷೆಯ ಹಕ್ಕೇ ಕಾಮ್ಟ್‌ನ ಯೋಜನೆಯಲ್ಲಿ ಸೊರಗಿತು. ಮುಂದೆ ಅವನು ‘ಮಾನವತಾ ಧರ್ಮ’ವೊಂದನ್ನು ಕಟ್ಟಲು ಹೊರಟ. 28 ದಿನಗಳ 13 ತಿಂಗಳುಗಳ ಪಂಚಾಂಗ ಮಾಡಿದ. ಅದರಲ್ಲಿ ಬುದ್ಧ, ಕನ್‌ಫ್ಯೂಶಿಯಸ್ ಮತ್ತು ಪ್ರವಾದಿ ಮುಹಮ್ಮದ್(ಸ)ರ ಹೆಸರಿನ ವಾರಗಳೂ ಇದ್ದವು. ನೋಟ ಉದಾರವಾಗಿತ್ತು, ವ್ಯವಸ್ಥೆ ಉದಾರವಾಗಿರಲಿಲ್ಲ. ಜ್ಞಾನಿಗಳ ಪುರೋಹಿತವರ್ಗ ಸತ್ಯವನ್ನು ನಿರ್ಣಯಿಸುವುದು, ಉಳಿದವರು ಅದನ್ನು ಸ್ವೀಕರಿಸುವುದು. ಜಾನ್ ಸ್ಟುವರ್ಟ್ ಮಿಲ್ ಮೊದಲು ಮೆಚ್ಚಿದವನು, 1865ರ ಹೊತ್ತಿಗೆ ಇದನ್ನು ಕಟುವಾಗಿ ಟೀಕಿಸಿದ. ತನ್ನ ಚಿಂತನೆ ಕಲುಷಿತವಾಗದಿರಲೆಂದು ಕಾಮ್ಟ್ ಇತರರ ಕೃತಿಗಳನ್ನು ಓದುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದ. ಹಂಚಿಕೊಂಡ ಜ್ಞಾನದ ಪ್ರತಿಪಾದಕನೇ ಕಿಟಕಿ ಮುಚ್ಚಿಕೊಂಡದ್ದು ವಿಪರ್ಯಾಸ.

ಹಾಗಾದರೆ ಹಂಚಿಕೊಂಡ ಅರಿವು ಹೇಗಿರಬೇಕು? ಹರಿಹರದಲ್ಲೇ ಅದಕ್ಕೊಂದು ಮಾದರಿ ಇತ್ತು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿನ ಲೇತ್ ಯಂತ್ರಗಳು ದೇಶದ ಅನೇಕ ಕಡೆ ಹೋದವು. ಲೇತ್‌ನಿಂದ ಹೊರಬಂದ ಬಿಡಿಭಾಗ ಸರಿಯಿದೆಯೇ ಎಂದು ಹೇಳುವುದು ಮೈಕ್ರೋಮೀಟರ್. ಮೇಲಧಿಕಾರಿ ಅಳೆದರೂ ಅದೇ ಅಂಕಿ, ನಿನ್ನೆ ಸೇರಿದ ಹುಡುಗ ಅಳೆದರೂ ಅದೇ ಅಂಕಿ. ಅಳೆಯುವವನ ಜಾತಿ, ಮತ ಅದಕ್ಕೆ ತಿಳಿಯದು. ಅನುಮಾನ ಬಂದರೆ ಇನ್ನೊಮ್ಮೆ ಅಳೆಯಬಹುದು. ಜ್ಞಾನ ಜನರನ್ನು ಕೂಡಿಸುವುದು ಹೀಗೆ ಪರೀಕ್ಷೆಗೆ ಎಲ್ಲರಿಗೂ ತೆರೆದಿರುವಾಗ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಹೋದದ್ದು ಸಂಬಳ ಮಾತ್ರವಲ್ಲ, ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಅಳತೆ ಕಲಿಯುತ್ತಿದ್ದ ಜಾಗವೂ ಹೋಯಿತು.

1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನ ಸೇರಿಸಿಕೊಂಡ ಮೂಲಭೂತ ಕರ್ತವ್ಯಗಳ ಒಂದೇ ಪಟ್ಟಿಯಲ್ಲಿ ಸೌಹಾರ್ದ ಬೆಳೆಸುವ ಕರ್ತವ್ಯವೂ ವೈಜ್ಞಾನಿಕ ಮನೋಭಾವ ಬೆಳೆಸುವ ಕರ್ತವ್ಯವೂ ಇವೆ. ಅವೆರಡನ್ನೂ ನಾವು ಬೇರೆ ಬೇರೆ ಎಂದೇ ಓದಿಕೊಂಡು ಬಂದಿದ್ದೇವೆ. ಸೌಹಾರ್ದವೆಂದರೆ ವೇದಿಕೆಯ ಮೇಲೆ ಕೈಕೈ ಹಿಡಿದು ನಿಲ್ಲುವುದು, ವಿಜ್ಞಾನವೆಂದರೆ ಪರೀಕ್ಷೆಯ ಅಂಕ. ಮೊಬೈಲ್‌ಗೆ ಬಂದ ಸುದ್ದಿಯನ್ನು ಮುಂದೆ ಕಳುಹಿಸುವ ಮೊದಲು ಇದು ನಿಜವೇ ಎಂದು ಪಕ್ಕದ ಬೀದಿಯವನನ್ನು ಕೇಳುವವನು ಎರಡೂ ಕರ್ತವ್ಯಗಳನ್ನು ಒಟ್ಟಿಗೆ ಪಾಲಿಸುತ್ತಾನೆ. ಹರಿಹರದ ಶಾಸನಗಳನ್ನು, ಅಪ್ಪೋಜಿರಾಮನ ಪೇಟೆಯನ್ನು, ಗಿರಣಿಗಳ ಕಥೆಯನ್ನು, 1990ರ ನೋವನ್ನೂ ಎಲ್ಲ ಸಮುದಾಯಗಳ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತು, ಪ್ರಶ್ನೆ ಕೇಳುತ್ತ ಓದುವಂತಾಗಬೇಕು. ಸಾಮರಸ್ಯದ ಕೆಲಸ ಅಲ್ಲಿಂದ ಶುರುವಾಗುತ್ತದೆ.